ಕೃತಿಕಾರನ ಪ್ರತಿಕ್ರಮಣ

ಮಾಗಡಿ ತಾಲ್ಲೂಕಿನ ಕುದೂರಿನ ಬಳಿ ಭೈರವನದುರ್ಗವೆಂಬ ಬೆಟ್ಟವಿದೆ. ಬೆಟ್ಟದ ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ. ಆ ಕಲ್ಲುಗಳನ್ನು ಹೊತ್ತು ಮೇಲೇರಿಸಿದವರ ಹೆಸರು ಇಂದು ಯಾರಿಗೂ ತಿಳಿಯದು. ಆದರೆ ನಾಡಿನ ಯಾವ ದುರ್ಗವನ್ನೇ ಏರಿದರೂ ಒಂದು ನೋಟ ತಪ್ಪದೆ ಕಾಣುತ್ತದೆ. ಒಂದು ಮುಂಜಾನೆ ಏರಿ ಮಧ್ಯಾಹ್ನಕ್ಕೆ ಇಳಿದುಹೋದವರು ಸುಣ್ಣದಿಂದಲೋ ಬಣ್ಣದಿಂದಲೋ ಬಂಡೆಯ ಮೇಲೆ ತಮ್ಮ ಹೆಸರನ್ನು ಬರೆದು ಹೋಗಿರುತ್ತಾರೆ. ಕಟ್ಟಿದವನಿಗೆ ಹೆಸರಿಲ್ಲ, ಬಂದುಹೋದವನಿಗೆ ಹೆಸರಿದೆ. ಇದನ್ನು ಕಂಡು ನಕ್ಕು ಮುಂದೆ ಸಾಗುವುದು ಸುಲಭ. ಆದರೆ ‘ನಾನು ಇಲ್ಲಿಯವರೆಗೆ ಬಂದೆ’ ಎಂದು ಹೇಳಿಕೊಳ್ಳುವ ಬಯಕೆ ಮನುಷ್ಯನಲ್ಲಿ ಎಷ್ಟು ಆಳವಾಗಿದೆ ಎಂಬುದನ್ನು ಆ ಬಂಡೆಗಳೇ ತೋರಿಸುತ್ತವೆ. ಕವಿ, ಶಿಲ್ಪಿ, ಗಾಯಕ, ಚಿತ್ರಕಾರ ಇವರಲ್ಲಿ ಈ ಬಯಕೆ ಇನ್ನೂ ತೀವ್ರವಾಗಿರುತ್ತದೆ. ಹೊಸದಾಗಿ ಕೃತಿರಚನೆಗೆ ತೊಡಗಿದ ತರುಣನಲ್ಲಂತೂ ಅದು ಹಗಲಿರುಳೂ ಉರಿಯುವ ದೀಪ.

ತಾನು ಎಷ್ಟು ದೂರ ಬಂದಿದ್ದೇನೆಂದು ತಿಳಿಯಬಯಸುವುದು ತಪ್ಪೇ? ತಪ್ಪಲ್ಲವಾದರೆ, ಅಳೆಯುವ ಕೋಲು ಯಾವುದಾಗಿರಬೇಕು? ಜೈನ ಧರ್ಮದ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಇಂದಿನ ಕುಟುಂಬಗಳಿಗೂ ಬಸದಿಗಳ ಆಡಳಿತ ಮಂಡಲಿಗಳಿಗೂ ಅಗತ್ಯವಾಗಿದೆ.

ಕುದೂರಿನಂಥ ಹೋಬಳಿ ಕೇಂದ್ರದ ಒಬ್ಬ ತರುಣನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಪದವಿ ಮುಗಿದಿದೆ. ತಂದೆಗೆ ಚಿಕ್ಕದೊಂದು ಅಂಗಡಿ. ಮಗನಿಗೆ ಸುತ್ತಲಿನ ಬೆಟ್ಟಗಳು, ಹಳೆಯ ಗುಡಿಗಳು, ಬಸದಿಗಳು, ಶಾಸನಗಳನ್ನು ಚಿತ್ರೀಕರಿಸಿ ಜನರಿಗೆ ತೋರಿಸಬೇಕೆಂಬ ಹಂಬಲ. ಸಾಧನವೆಂದರೆ ಕೈಯಲ್ಲಿರುವ ಮೊಬೈಲ್ ಒಂದೇ. ಎರಡು ವರ್ಷ ದುಡಿದಿದ್ದಾನೆ. ಪ್ರತಿ ರಾತ್ರಿ ಮಲಗುವ ಮುನ್ನ, ತಾನು ಮಾಡಿದ ವಿಡಿಯೊವನ್ನು ಎಷ್ಟು ಜನ ನೋಡಿದರೆಂಬ ಸಂಖ್ಯೆಯನ್ನು ನೋಡುತ್ತಾನೆ. ಸಂಖ್ಯೆ ಏರಿದ ದಿನ ನಿದ್ರೆ, ಇಳಿದ ದಿನ ಜಾಗರಣೆ. ಇವನೊಡನೆ ಓದಿದವರು ಬೆಂಗಳೂರಿನಲ್ಲಿ ಸಂಬಳಕ್ಕೆ ಸೇರಿದ್ದಾರೆ. ‘ಇದರಿಂದ ಹೊಟ್ಟೆಗೆ ಏನು ಬಂತಪ್ಪಾ?’ ಎಂದು ತಂದೆ ಕೇಳಿದರೆ ಮಗನಲ್ಲಿ ಉತ್ತರವಿಲ್ಲ. ತಂದೆಯ ಪ್ರಶ್ನೆಯಲ್ಲಿ ಕ್ರೌರ್ಯವಿಲ್ಲ, ಮಗನ ಮೌನದಲ್ಲಿ ಸೋಮಾರಿತನವಿಲ್ಲ. ಇಬ್ಬರೂ ತಮ್ಮ ತಮ್ಮ ಅಳತೆಗೋಲನ್ನು ಹಿಡಿದು ನಿಂತಿದ್ದಾರೆ. ಎರಡು ಕೋಲುಗಳೂ ಹೊರಗಿನವೇ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿಲ್ಲ.

ಹೆಸರಿನ ಬಯಕೆ ಹೊಸದಲ್ಲ. ಅದಕ್ಕೆ ಉತ್ತರವೂ ಜೈನ ಪುರಾಣದಲ್ಲಿ ಹಳೆಯದೇ. ಭರತ ಚಕ್ರವರ್ತಿಯು ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬರುತ್ತಾನೆ. ತನ್ನ ದಿಗ್ವಿಜಯದ ಪ್ರಶಸ್ತಿಯನ್ನು ಆ ಪರ್ವತದ ಶಿಲೆಯ ಮೇಲೆ ಕೆತ್ತಿಸಬೇಕೆಂಬುದು ಅವನ ಇಚ್ಛೆ. ತನ್ನಂಥವನು ಹಿಂದೆ ಇರಲಿಲ್ಲವೆಂಬ ಭಾವ ಮನಸ್ಸನ್ನು ತುಂಬಿದೆ. ಹತ್ತಿರ ಹೋಗಿ ನೋಡಿದರೆ ಬರೆಯಲು ಅಂಗೈಯಷ್ಟು ಜಾಗವೂ ಇಲ್ಲ. ಅವನಿಗಿಂತ ಹಿಂದೆ ಆಗಿಹೋದ ಅಸಂಖ್ಯ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಇಡೀ ಪರ್ವತವೇ ತುಂಬಿಹೋಗಿದೆ. ಕೊನೆಗೆ ಯಾರದೋ ಒಂದು ಬರಹವನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಅಳಿಸುವ ಕ್ಷಣದಲ್ಲಿ ಅವನಿಗೆ ತಿಳಿಯುತ್ತದೆ: ಮುಂದೆ ಬರುವವನು ಇದನ್ನೂ ಅಳಿಸುತ್ತಾನೆ. ಗೆಲುವಿನ ಶಿಖರದಲ್ಲಿಯೇ ಗರ್ವಭಂಗವಾದ ಈ ಪ್ರಸಂಗವು ಆದಿಪುರಾಣದ ಓದುಗರ ಮನಸ್ಸಿನಲ್ಲಿ ಸ್ಥಿರವಾಗಿ ನಿಲ್ಲುವಂಥದು.

ಈ ಪ್ರಸಂಗವನ್ನು ಕನ್ನಡದಲ್ಲಿ ಹೇಳಿದ ಪಂಪನು ಸ್ವತಃ ಆಗ ತರುಣನೆನ್ನಬಹುದಾದ ವಯಸ್ಸಿನವನು. ಕ್ರಿ.ಶ. 902ರಲ್ಲಿ ಹುಟ್ಟಿದ ಅವನು 941ರ ಸುಮಾರಿಗೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಆದಿಪುರಾಣವನ್ನೂ ವಿಕ್ರಮಾರ್ಜುನ ವಿಜಯವನ್ನೂ ರಚಿಸಿದನು. ಮೊದಲನೆಯದಕ್ಕೆ ಮೂರು ತಿಂಗಳು, ಎರಡನೆಯದಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಈ ಸಂಖ್ಯೆಗಳನ್ನು ಮಾತ್ರ ಹಿಡಿದುಕೊಂಡ ತರುಣನು ‘ನನಗೇಕೆ ಎರಡು ವರ್ಷವಾದರೂ ಏನೂ ಆಗಲಿಲ್ಲ’ ಎಂದು ಕುಗ್ಗಬಹುದು. ಆದರೆ ಆ ಒಂಬತ್ತು ತಿಂಗಳ ಹಿಂದೆ ಮೂವತ್ತೆಂಟು ವರ್ಷಗಳ ಅಧ್ಯಯನ, ಲೋಕಾನುಭವ, ಗುರುಸೇವೆ ಇದ್ದವು. ಕೃತಿ ಹೊರಬಿದ್ದ ಕಾಲವನ್ನು ಎಣಿಸಬಹುದು. ಅದು ಒಳಗೆ ಮಾಗಿದ ಕಾಲವನ್ನು ಎಣಿಸಿದವರಿಲ್ಲ.

ಪಂಪನಿಂದ ಕಲಿಯಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಅವನು ತನ್ನ ಗುರಿಗಳನ್ನು ಸ್ಪಷ್ಟವಾಗಿ ಎರಡಾಗಿ ಇಟ್ಟುಕೊಂಡನು. ಅರಿಕೇಸರಿಯ ಆಸ್ಥಾನದ ಕವಿಯಾಗಿ ಲೌಕಿಕವನ್ನು ಬೆಳಗಿಸುವ ಕಾವ್ಯ ಒಂದು. ಜಿನಾಗಮವನ್ನು ಬೆಳಗಿಸುವ ಕಾವ್ಯ ಇನ್ನೊಂದು. ಒಂದರಿಂದ ಮನ್ನಣೆಯೂ ಅಗ್ರಹಾರವೂ ದೊರೆತವು. ಇನ್ನೊಂದರಿಂದ ಆತ್ಮಕ್ಕೆ ದೊರೆತದ್ದನ್ನು ಯಾವ ದಾನಪತ್ರವೂ ಹೇಳದು. ಅವನು ಲೌಕಿಕವನ್ನು ಹೀನವೆಂದು ತಳ್ಳಲಿಲ್ಲ, ಆಗಮಿಕವನ್ನು ಲೌಕಿಕದ ಸಾಧನವನ್ನಾಗಿಯೂ ಮಾಡಲಿಲ್ಲ. ಇಂದಿನ ಭಾಷೆಯಲ್ಲಿ ವೃತ್ತಿಯ ಗುರಿ, ಜೀವನದ ಗುರಿ ಎಂದು ಕರೆಯುವ ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು ಅಳೆದವನು ಪಂಪ. ಇಂದಿನ ತರುಣನ ಸಂಕಟವು ಬಹುಮಟ್ಟಿಗೆ ಎರಡನ್ನೂ ಒಂದೇ ಪಾತ್ರೆಗೆ ಸುರಿದುದರಿಂದ ಹುಟ್ಟಿದ್ದು. ನೋಡುವವರ ಸಂಖ್ಯೆ ಇಳಿದರೆ ಕೇವಲ ಆದಾಯ ಇಳಿಯಿತೆಂದು ಅವನು ತಿಳಿಯುವುದಿಲ್ಲ. ತಾನೇ ಇಳಿದೆನೆಂದು ತಿಳಿಯುತ್ತಾನೆ.

ಅದೇ ಶತಮಾನದ ರನ್ನನ ಬಾಳು ಇನ್ನೂ ಹತ್ತಿರದ ಉದಾಹರಣೆ. 949ರಲ್ಲಿ ಮುದುವೊಳಲಿನಲ್ಲಿ, ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆ ಮಾರುವ ಮನೆಯ ಹುಡುಗನು ವಿದ್ಯೆಯನ್ನು ಅರಸಿ ದಕ್ಷಿಣದ ಗಂಗನಾಡಿಗೆ ಬಂದು ಅಜಿತಸೇನಾಚಾರ್ಯರ ಶಿಷ್ಯನಾದನು, ಚಾವುಂಡರಾಯನ ಆಶ್ರಯ ಪಡೆದನು. ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. 982ರ ಗದಾಯುದ್ಧ, 993ರ ಅಜಿತಪುರಾಣ ಇವೆರಡೂ ಅವನ ಹೆಸರನ್ನು ಉಳಿಸಿವೆ. ತನ್ನ ಕವಿತ್ವದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಅದನ್ನು ಅವನು ಮರೆಮಾಡಲೂ ಇಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಕೆತ್ತನೆಯಿದೆ. ಅದು ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಭರತನ ಪ್ರಸಂಗವನ್ನು ಬಲ್ಲ ಕವಿಯೇ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿದನೆಂದರೆ ಮನುಷ್ಯಸ್ವಭಾವದ ಬಗ್ಗೆ ಕಠಿಣವಾಗುವ ಮೊದಲು ಯಾರಾದರೂ ಎರಡು ಬಾರಿ ಯೋಚಿಸಬೇಕು.

ರನ್ನನು ರಚಿಸಿದ ಪರಶುರಾಮಚರಿತೆ, ಚಕ್ರೇಶ್ವರಚರಿತೆಗಳು ಇಂದು ದೊರೆಯುವುದಿಲ್ಲ. ಅವುಗಳಿಗಾಗಿ ಅವನು ಸವೆಸಿದ ರಾತ್ರಿಗಳು ಉಳಿದ ಕೃತಿಗಳಿಗಾಗಿ ಸವೆಸಿದ ರಾತ್ರಿಗಳಿಗಿಂತ ಕಡಿಮೆ ಪ್ರಾಮಾಣಿಕವಾಗಿದ್ದವೆಂದು ಹೇಳಲು ಆಧಾರವಿಲ್ಲ. ಕಾಲವು ಒಂದನ್ನು ಉಳಿಸಿತು, ಒಂದನ್ನು ಅಳಿಸಿತು. ಉಳಿವು ಮಾತ್ರವೇ ಪ್ರಗತಿಯ ಅಳತೆಯಾದರೆ ಆ ಎರಡು ಕೃತಿಗಳ ಕಾಲದಲ್ಲಿ ರನ್ನನು ಏನನ್ನೂ ಸಾಧಿಸಲಿಲ್ಲವೆಂದು ಹೇಳಬೇಕಾದೀತು. ಅದು ಎಷ್ಟು ಅಸಂಗತವೆಂಬುದು ಸ್ಪಷ್ಟ. ಕೃತಿ ಉಳಿಯದಿದ್ದರೂ, ಅದನ್ನು ರಚಿಸುವಾಗ ಕವಿಯಲ್ಲಿ ಬೆಳೆದ ಶಕ್ತಿ ಮುಂದಿನ ಕೃತಿಗೆ ಸೇರಿರಲೇಬೇಕು.

ಹಾಗಾದರೆ ಒಳಗಿನ ಅಳತೆಗೋಲು ಯಾವುದು? ಇಲ್ಲಿ ಮೂರನೆಯ ಕವಿಯೊಬ್ಬನು ನೆರವಿಗೆ ಬರುತ್ತಾನೆ. ಹೊಯ್ಸಳರ ಕಾಲದ ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ಬರೆದನು. ಅದರಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು, ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹೊರಗೆ ನೋಡಿದರೆ ಒಂದು ಹನಿ ರಕ್ತವೂ ಬೀಳಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ತೊಳಲಬೇಕಾಯಿತು. ಕ್ರಿಯೆಯ ಭಾರವು ಭಾವದಲ್ಲಿದೆ ಎಂಬ ಜೈನ ನೀತಿಯ ಸಾರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಕಥೆ ವಿರಳ. ಅದನ್ನು ತಿರುಗಿಸಿ ನೋಡಿದರೂ ಸತ್ಯವೇ. ಹೊರಗೆ ಫಲ ಕಾಣದಿದ್ದರೂ ಶುದ್ಧಭಾವದಿಂದ ಮಾಡಿದ ಕೆಲಸ ವ್ಯರ್ಥವಲ್ಲ; ಹೊರಗೆ ಸಾವಿರ ಜನ ಕೈತಟ್ಟಿದರೂ ಮಲಿನಭಾವದಿಂದ ಮಾಡಿದ ಕೆಲಸ ಮುನ್ನಡೆಯಲ್ಲ.

ಇದನ್ನು ಕೇಳಿದ ವ್ಯವಹಾರಸ್ಥರು ಒಂದು ಆಕ್ಷೇಪವನ್ನು ಎತ್ತುವುದು ನ್ಯಾಯವೇ. ‘ಭಾವಶುದ್ಧಿಯಿಂದ ಅಕ್ಕಿ ಬರುವುದಿಲ್ಲ. ಮಗ ಮುನಿಯಲ್ಲ, ಗೃಹಸ್ಥನಾಗಬೇಕಾದವನು.’ ಜೈನ ಧರ್ಮವು ಈ ಮಾತನ್ನು ಅಲ್ಲಗಳೆಯುವುದಿಲ್ಲ. ಶ್ರಾವಕನಿಗೆ ಹೇಳಿರುವುದು ಪರಿಗ್ರಹದ ಸಂಪೂರ್ಣ ತ್ಯಾಗವಲ್ಲ, ಪರಿಮಾಣ. ಸಂಪಾದಿಸಬೇಡವೆಂದಲ್ಲ, ಎಷ್ಟು, ಹೇಗೆ, ಯಾವ ಮಿತಿಯೊಳಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೋ ಎಂದು. ಆದ್ದರಿಂದ ತರುಣನು ಇಂತಿಷ್ಟು ವರ್ಷಗಳಲ್ಲಿ ಮನೆಗೆ ಆಸರೆಯಾಗಬೇಕೆಂದು ಗುರಿ ಇಟ್ಟುಕೊಳ್ಳುವುದು ಧರ್ಮವಿರುದ್ಧವಲ್ಲ. ತಂದೆಯ ಪ್ರಶ್ನೆಗೆ ಉತ್ತರಿಸುವುದು ಅವನ ಕರ್ತವ್ಯವೇ ಹೌದು. ಧರ್ಮವು ಎಚ್ಚರಿಸುವುದು ಬೇರೊಂದನ್ನು ಕುರಿತು.

ಆ ಎಚ್ಚರಿಕೆಯ ಹೆಸರು ನಿದಾನ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಆಚಾರ್ಯರು ಹೇಳಿದ್ದಾರೆ. ನಿದಾನವೆಂದರೆ ಮಾಡಿದ ಸಾಧನೆಗೆ ಇಂಥದೇ ಭೋಗ, ಇಂಥದೇ ಕೀರ್ತಿ ಫಲವಾಗಿ ಬರಲೆಂದು ಒಳಗೊಳಗೇ ಕಟ್ಟಿಕೊಳ್ಳುವ ಹರಕೆ. ಗುರಿಗೂ ನಿದಾನಕ್ಕೂ ಇರುವ ಅಂತರ ಸೂಕ್ಷ್ಮ. ‘ಈ ಮಳೆಗಾಲದೊಳಗೆ ಹತ್ತು ಶಾಸನಗಳನ್ನು ಸರಿಯಾಗಿ ಓದಿ ಚಿತ್ರೀಕರಿಸುವೆ’ ಎಂಬುದು ಗುರಿ. ಅದು ತನ್ನ ಕೈಯಲ್ಲಿದೆ. ‘ಈ ಮಳೆಗಾಲದೊಳಗೆ ಒಂದು ಲಕ್ಷ ಜನ ನನ್ನನ್ನು ಮೆಚ್ಚಬೇಕು’ ಎಂಬುದು ನಿದಾನ. ಅದು ಪರರ ಕೈಯಲ್ಲಿದೆ. ಮುಳ್ಳು ಚಿಕ್ಕದಾದರೂ ಕಾಲಿನಲ್ಲಿ ಇರುವತನಕ ಪ್ರತಿ ಹೆಜ್ಜೆಯೂ ನೋವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಜ್ಞಾನಮದದ ಜೊತೆಗೇ ಪೂಜಾಮದವೂ ಇದೆ; ಜನರು ತನ್ನನ್ನು ಗೌರವಿಸುತ್ತಾರೆಂಬ ಮದ ಅದು. ಮೊಬೈಲಿನ ಪರದೆಯ ಮೇಲೆ ಏರಿಳಿಯುವ ಸಂಖ್ಯೆಯನ್ನು ಆಚಾರ್ಯರು ಕಂಡಿರಲಿಲ್ಲ. ಅದು ಮನಸ್ಸಿನಲ್ಲಿ ಎಬ್ಬಿಸುವ ವಿಕಾರವನ್ನು ಚೆನ್ನಾಗಿ ಕಂಡಿದ್ದರು.

ನಿದಾನವು ಬಲಿತಾಗ ಪರೀಕ್ಷೆಯ ಸಮಯವೂ ಬರುತ್ತದೆ. ಆ ತರುಣನಿಗೆ ಒಂದು ದಿನ ಹಣ ಕಟ್ಟಿ ಆಡುವ ಆಟವನ್ನು ಹೊಗಳಿ ಎರಡು ನಿಮಿಷ ಮಾತನಾಡಲು ಕರೆ ಬಂತೆಂದು ಇಟ್ಟುಕೊಳ್ಳೋಣ. ಕೊಡುವ ಹಣ ಅಂಗಡಿಯ ಹಲವು ತಿಂಗಳ ಲಾಭಕ್ಕೆ ಸಮ. ಆನ್‌ಲೈನಿನಲ್ಲಿ ಹಣವಿಟ್ಟು ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ಕೇಂದ್ರದ ಕಾನೂನು 2025ರಲ್ಲಿ ನಿಷೇಧಿಸಿತು. ಆದರೆ ಸಪ್ತವ್ಯಸನಗಳಲ್ಲಿ ಮೊದಲನೆಯದಾಗಿ ದ್ಯೂತವನ್ನು ಎಣಿಸಿದ ಪರಂಪರೆಯಲ್ಲಿ ಹುಟ್ಟಿದವನು ಕಾನೂನಿಗಾಗಿ ಕಾಯಬೇಕಾಗಿಲ್ಲ. ತಾನು ಆಡುವುದಿಲ್ಲವಲ್ಲ, ಬರೀ ಮಾತನಾಡುತ್ತೇನಲ್ಲ ಎಂಬ ಸಮಾಧಾನವೂ ನಿಲ್ಲದು. ಹಿಟ್ಟಿನ ಕೋಳಿಯ ಕಥೆ ಅದಕ್ಕೆ ಉತ್ತರ ಹೇಳಿದೆ. ಮಾಡುವುದರಷ್ಟೇ ಮಾಡಿಸುವುದಕ್ಕೂ ಅನುಮೋದಿಸುವುದಕ್ಕೂ ಬಂಧವಿದೆಯೆಂದು ಕೃತ, ಕಾರಿತ, ಅನುಮತಗಳ ವಿಚಾರವೂ ಹೇಳಿದೆ. ಆ ಕರೆಯನ್ನು ನಿರಾಕರಿಸಿದ ದಿನ ಅವನ ಸಂಖ್ಯೆ ಏರುವುದಿಲ್ಲ, ಹಣ ಬರುವುದಿಲ್ಲ, ಯಾರೂ ಹೊಗಳುವುದಿಲ್ಲ. ಹೊರಗಿನ ಯಾವ ಲೆಕ್ಕದಲ್ಲಿಯೂ ಆ ದಿನ ಕಾಣಿಸುವುದಿಲ್ಲ. ಒಳಗಿನ ಲೆಕ್ಕದಲ್ಲಿ ಆ ವರ್ಷದ ದೊಡ್ಡ ಮುನ್ನಡೆ ಅದೇ ಆಗಿರಬಹುದು.

ಒಳಗಿನ ಲೆಕ್ಕವನ್ನು ಬರೆಯುವ ಕ್ರಮವನ್ನೂ ಹಿರಿಯರು ಕೊಟ್ಟಿದ್ದಾರೆ. ಅದೇ ಷಡಾವಶ್ಯಕಗಳಲ್ಲಿ ಒಂದಾದ ಪ್ರತಿಕ್ರಮಣ. ದಿನಕ್ಕೊಮ್ಮೆ, ರಾತ್ರಿಗೊಮ್ಮೆ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದು ಅದಕ್ಕೆ ಕಾಲಗಳೂ ಗೊತ್ತಾಗಿವೆ. ವ್ಯಾಪಾರಿ ಕುಟುಂಬಗಳಲ್ಲಿ ಮಹಾವೀರ ಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ವಾಡಿಕೆಯುಂಟು. ಅಂಗಡಿಯ ಲೆಕ್ಕ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೇಳುತ್ತದೆ. ಪ್ರತಿಕ್ರಮಣವು ಎಲ್ಲಿ ದಾರಿ ತಪ್ಪಿದೆ, ಎಲ್ಲಿಗೆ ಹಿಂದಿರುಗಬೇಕು ಎಂದು ಕೇಳುತ್ತದೆ. ಹಿಂದಿರುಗುವುದು ಎಂಬುದೇ ಆ ಪದದ ಅರ್ಥ. ಪ್ರಗತಿಯನ್ನು ಮುಂದೆ ಹೋಗುವುದೆಂದು ಮಾತ್ರ ತಿಳಿದ ಕಾಲಕ್ಕೆ ಈ ಅರ್ಥ ವಿಚಿತ್ರವೆನಿಸಬಹುದು. ಆದರೆ ತಪ್ಪು ದಾರಿಯಲ್ಲಿ ಹತ್ತು ಹರಿದಾರಿ ನಡೆದವನಿಗೆ ಹಿಂದಿರುಗುವ ಮೊದಲ ಹೆಜ್ಜೆಯೇ ಪ್ರಗತಿ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಆತ್ಮಾವಲೋಕನವು ಆತ್ಮನಿಂದನೆಯ ವ್ಯಸನವಾಗಬಾರದು. ತನ್ನ ದೋಷವನ್ನು ಗುರುಸಾಕ್ಷಿಯಾಗಿ ಹೇಳಿಕೊಂಡು ಹಗುರಾಗುವುದು ಆಲೋಚನೆ. ಅದನ್ನೇ ಮೆಲುಕು ಹಾಕುತ್ತ ಕೊರಗುವುದು ಆರ್ತಧ್ಯಾನ. ಮೊದಲನೆಯದು ಕರ್ಮವನ್ನು ಸಡಿಲಿಸುತ್ತದೆ, ಎರಡನೆಯದು ಹೊಸದನ್ನು ಕಟ್ಟುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ತನ್ನನ್ನು ಹಳಿದುಕೊಳ್ಳುವ ತರುಣನಿಗೆ ಈ ಭೇದವನ್ನು ತಿಳಿಸಿ ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಏರುವುದರ ಸ್ವರೂಪವನ್ನು ಕುರಿತು ಗುಣಸ್ಥಾನಗಳ ವಿಚಾರವೂ ಬೆಳಕು ನೀಡುತ್ತದೆ. ರನ್ನನ ಆಶ್ರಯದಾತನಾದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿ ಹದಿನಾಲ್ಕು ಗುಣಸ್ಥಾನಗಳ ವಿಸ್ತಾರವಾದ ವಿವರಣೆಯಿದೆ. ಆ ಮೆಟ್ಟಿಲುಗಳಲ್ಲಿ ಎರಡು ಸಂಗತಿಗಳು ಗಮನಾರ್ಹ. ಎರಡನೆಯದಾದ ಸಾಸಾದನಕ್ಕೆ ಯಾರೂ ಕೆಳಗಿನಿಂದ ಏರಿ ಬರುವುದಿಲ್ಲ; ಸಮ್ಯಕ್ತ್ವದಿಂದ ಜಾರಿ ಬೀಳುವಾಗ ಮಾತ್ರ ಆ ಮೆಟ್ಟಿಲನ್ನು ಮುಟ್ಟುತ್ತಾರೆ. ಹನ್ನೊಂದನೆಯದಾದ ಉಪಶಾಂತಮೋಹಕ್ಕೆ ಏರಿದವನು ಅಲ್ಲಿಂದ ಜಾರಲೇಬೇಕು, ಏಕೆಂದರೆ ಅವನು ಮೋಹವನ್ನು ಅದುಮಿಟ್ಟು ಬಂದವನು, ನಾಶಮಾಡಿ ಬಂದವನಲ್ಲ. ಬಗ್ಗಡ ತಳಕ್ಕಿಳಿದ ನೀರು ತಿಳಿಯಾಗಿ ಕಂಡರೂ ಕೊಡ ಅಲುಗಿದರೆ ಮತ್ತೆ ಕದಡುತ್ತದೆ. ಇದು ಆತ್ಮಸಾಧನೆಯ ಶಾಸ್ತ್ರ. ವೃತ್ತಿಜೀವನಕ್ಕೆ ಅದನ್ನು ನೇರವಾಗಿ ಹೊಂದಿಸುವುದು ಸರಿಯಲ್ಲ. ಆದರೆ ಮೆಟ್ಟಿಲ ಸಂಖ್ಯೆಗಿಂತ ಏರುತ್ತಿದ್ದೇನೆಯೋ ಇಳಿಯುತ್ತಿದ್ದೇನೆಯೋ ಎಂಬುದು ಮುಖ್ಯ, ಎಷ್ಟು ಏರಿದೆನೆಂಬುದಕ್ಕಿಂತ ಹೇಗೆ ಏರಿದೆನೆಂಬುದು ಮುಖ್ಯ ಎಂಬ ವಿವೇಕವನ್ನು ಯಾವ ಕೃತಿಕಾರನೂ ಅದರಿಂದ ಪಡೆಯಬಹುದು.

ಈ ವಿವೇಕಕ್ಕೆ ಕುದೂರಿನ ಜಿಲ್ಲೆಯಲ್ಲೇ ಒಂದು ಮೌನ ಸಾಕ್ಷಿಯಿದೆ. ಚನ್ನಪಟ್ಟಣದ ಬೊಂಬೆ ಮಾಡುವವರು ಹಾಲೆ ಮರದ ತುಂಡನ್ನು ತಿರುಗಿಸುತ್ತ ಅದಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಎಲೆಯಿಂದ ತಿಕ್ಕಿ ಹೊಳಪು ತರುತ್ತಾರೆ. ಒತ್ತಡ ಹೆಚ್ಚಾದರೂ ಕಡಿಮೆಯಾದರೂ ಬಣ್ಣ ಕೂರದು. ಕಲಿಯುವವನ ಮುನ್ನಡೆ ಆ ಕೈಯ ಹದದಲ್ಲಿ ತಿಳಿಯುತ್ತದೆ. ಮಗುವಿನ ಕೈಗೆ ಹೋಗುವ ಬೊಂಬೆಯ ಮೇಲೆ ಮಾಡಿದವನ ಹೆಸರಿರುವುದಿಲ್ಲ. ಹೆಸರಿಲ್ಲವೆಂದು ಆ ಕೈ ಹದ ತಪ್ಪುವುದೂ ಇಲ್ಲ.

ಹೀಗೆಂದು ಎಲ್ಲ ಹೊಣೆಯನ್ನೂ ತರುಣನ ಮೇಲೆ ಹೊರಿಸಿ ಸಮಾಜವು ಕೈತೊಳೆದುಕೊಳ್ಳಲಾಗದು. ರನ್ನನ ಹಿಂದೆ ಚಾವುಂಡರಾಯನಿದ್ದನು, ಅತ್ತಿಮಬ್ಬೆಯಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಆ ತಾಯಿಯೇ ಅಜಿತಪುರಾಣವನ್ನು ಬರೆಯಿಸಿದಳು. ರನ್ನನು ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದು ಆಶ್ರಯದಾತರ ಹೆಸರನ್ನೇ ಇಟ್ಟನು. ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿದ ಕೈಯೇ ಮನೆಯ ತೊಟ್ಟಿಲಿನಲ್ಲಿ ಉಪಕಾರಿಗಳ ಹೆಸರನ್ನು ಇರಿಸಿತು ಎಂಬುದನ್ನು ಮರೆಯಬಾರದು. ಕೃತಜ್ಞತೆಯೂ ಮುನ್ನಡೆಯ ಒಂದು ಅಳತೆಯೇ.

ಮಾಗಡಿ ತಾಲ್ಲೂಕಿನದೇ ಆದ ಕಲ್ಯದ ಶಾಸನವು ಈ ವಿಷಯದಲ್ಲಿ ಬಸದಿಗಳ ಆಡಳಿತ ಮಂಡಲಿಗಳಿಗೆ ದಾರಿ ತೋರುವಂತಿದೆ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಆ ತೀರ್ಪು ಶ್ರವಣಬೆಳಗೊಳದಲ್ಲಿಯೂ ಕಲ್ಯದಲ್ಲಿಯೂ ಕಲ್ಲಿನ ಮೇಲೆ ಉಳಿದಿದೆ. ಜೈನರ ಮನೆಗಳಿಂದ ವರ್ಷಕ್ಕೆ ಮನೆಗೊಂದು ಹಣವನ್ನು ಕೂಡಿಸಿ, ಬೆಳಗೊಳದ ಸ್ವಾಮಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಬೇಕೆಂಬುದು ಅದರ ವ್ಯವಸ್ಥೆ. ದೊಡ್ಡ ಸಂಕಲ್ಪವನ್ನು ಮನೆಗೊಂದು ಹಣವಾಗಿ, ವರ್ಷಕ್ಕೊಂದು ಸಲವಾಗಿ ಹಂಚಿದ ಜಾಣ್ಮೆ ಅಲ್ಲಿದೆ. ಹಾಗೆಯೇ ಪ್ರತಿಯೊಂದು ಮಂಡಲಿಯೂ ವರ್ಷಕ್ಕೆ ಒಬ್ಬ ತರುಣನಿಗೆ, ಒಬ್ಬ ತರುಣಿಗೆ, ತಮ್ಮ ಊರಿನ ಶಾಸನ, ಬಸದಿ, ಹಸ್ತಪ್ರತಿಗಳನ್ನು ಕುರಿತ ಒಂದು ಕೆಲಸವನ್ನು ಒಪ್ಪಿಸಿ ಅದಕ್ಕೆ ತಕ್ಕ ಗೌರವಧನವನ್ನು ಕೊಟ್ಟರೆ, ಜೂಜಿನವರ ಕರೆಗೆ ‘ಒಲ್ಲೆ’ ಎನ್ನುವುದು ಅವರಿಗೆ ಅಷ್ಟು ಕಷ್ಟವಾಗದು. ತ್ಯಾಗವನ್ನು ಮಕ್ಕಳಿಂದ ಬಯಸುವ ಸಮಾಜವು ಆಸರೆಯನ್ನೂ ಕೊಡಬೇಕು.

ತರುಣನಾದರೋ ಪ್ರತಿ ಸಂಜೆ ಸಾಮಾಯಿಕಕ್ಕೆ ಕುಳಿತಾಗ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕೆಲವೇ ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇಂದು ಮಾಡಿದ ಕೆಲಸದಲ್ಲಿ ನಿನ್ನೆಗಿಂತ ನಿಜ ಹೆಚ್ಚಿತೇ? ಯಾರಿಗಾದರೂ ನೋವಾಯಿತೇ? ಮತ್ತೊಬ್ಬರ ಏಳಿಗೆಯನ್ನು ಕಂಡು ಮನಸ್ಸು ಉರಿಯಿತೇ, ಅರಳಿತೇ? ಮನೆಯವರಿಗೆ ಸಲ್ಲಬೇಕಾದುದು ಸಂದಿತೇ? ಯಾರೂ ನೋಡದಿದ್ದರೂ ನಾಳೆ ಈ ಕೆಲಸವನ್ನು ಮಾಡುವೆನೇ? ಉತ್ತರಗಳು ಎಲ್ಲ ದಿನವೂ ಹಿತವಾಗಿರುವುದಿಲ್ಲ. ಅಹಿತವಾದ ದಿನ ದೋಷವನ್ನು ಒಪ್ಪಿಕೊಂಡು, ಅದನ್ನು ಅಲ್ಲಿಯೇ ಬಿಟ್ಟು, ನಿದ್ರಿಸಬೇಕು. ಬೆಳಿಗ್ಗೆ ಎದ್ದು ಮತ್ತೆ ಬೆಟ್ಟವನ್ನು ಏರಬೇಕು. ಬಂಡೆಯ ಮೇಲಿನ ಹಳೆಯ ಅಕ್ಷರಗಳನ್ನು ಓದಲು ಹೋದವನು ತನ್ನ ಹೆಸರನ್ನು ಬರೆಯದೆ ಇಳಿದು ಬಂದರೆ, ಆ ದಿನದ ಮಟ್ಟಿಗೆ ಅವನು ಭರತ ಚಕ್ರವರ್ತಿಗೆ ವೃಷಭಾಚಲದಲ್ಲಿ ಆದ ಅರಿವಿನ ಹತ್ತಿರಕ್ಕೆ ಒಂದು ಹೆಜ್ಜೆ ಬಂದಂತೆಯೇ.